ಗಂಗರತ್ನಮ್ಮ ಬಿಸಿನೀರಿಗೆ ಇಳಿದದ್ದು

ಚನ್ನರಾಯನದುರ್ಗದ ಸುತ್ತಿನ ಹಳ್ಳಿಗಳಲ್ಲಿ ಮಕ್ಕಳನ್ನು ಹೆತ್ತ ಹೆಂಗಸರ ಪೈಕಿ ಗಂಗರತ್ನಮ್ಮನವರ ಕೈಯಿಂದ ನೀರು ಹುಯ್ಯಿಸಿಕೊಳ್ಳದವರು ಅಪರೂಪ. ಬಾಣಂತಿಯರಿಗೂ ಹಸುಗೂಸುಗಳಿಗೂ ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುವುದು ಅವರ ಕೆಲಸ. ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲಿ ಆಗತೊಡಗಿದ ಮೇಲೂ ಈ ಕೆಲಸ ನಿಂತಿಲ್ಲ. ಕೊರಟಗೆರೆಯಿಂದಲೋ ತುಮಕೂರಿನಿಂದಲೋ ತಾಯಿ, ಮಗು ಮನೆಗೆ ಬಂದ ಮರುದಿನವೇ ಆ ಮನೆಯ ಹಿತ್ತಿಲಲ್ಲಿ ಗಂಗರತ್ನಮ್ಮನವರ ದನಿ ಕೇಳಿಸುತ್ತದೆ. ಬಂದವರೇ ಸೀರೆಯನ್ನು ಎತ್ತಿ ಕಟ್ಟಿ, ಒಲೆಯ ಬೂದಿ ತೆಗೆದು, ಹಂಡೆ ತುಂಬಿ, ಉರಿ ಹಾಕುತ್ತಾರೆ. ನೀರು ಕಾಯುವಷ್ಟರಲ್ಲಿ ಬಾಣಂತಿಯ ನೆತ್ತಿಯಿಂದ ಹಿಮ್ಮಡಿಯವರೆಗೆ ಹರಳೆಣ್ಣೆ ತಿಕ್ಕಿ, ಅದು ಮೈಗೆ ಇಂಗುವ ತನಕ ಕೂರಿಸುತ್ತಾರೆ. ಎಣ್ಣೆ ಕಾಣದ ಮೈಗೆ ಬಿಸಿನೀರು ಬೀಳಬಾರದು ಎಂಬುದು ಅವರ ಶಾಸ್ತ್ರ. ತಣ್ಣೀರಂತೂ ಹತ್ತಿರವೂ ಸುಳಿಯಕೂಡದು. ನಮ್ಮ ಮಗಳ ಬಾಣಂತನದಲ್ಲಿ ಆಕೆ ಕೈ ತೊಳೆಯಲೆಂದು ನಲ್ಲಿ ತಿರುಗಿಸಿದ್ದಕ್ಕೆ ಗಂಗರತ್ನಮ್ಮ ಗದರಿದ್ದು ನಮ್ಮ ಬೀದಿಗೆಲ್ಲ ಕೇಳಿಸಿತ್ತು.

ಇಷ್ಟು ಜನಕ್ಕೆ ನೀರು ಹುಯ್ದ ಅವರಿಗೆ ಮಾತ್ರ ನೀರು ಹುಯ್ದವರು ಯಾರೂ ಇರಲಿಲ್ಲ. ಮಗ ಪಾಲಾಕ್ಷ ಹುಟ್ಟಿದಾಗ ಅತ್ತೆ ಹಾಸಿಗೆ ಹಿಡಿದಿದ್ದರು. ತವರಿನಲ್ಲಿ ತಾಯಿ ಉಳಿದಿರಲಿಲ್ಲ. ಹಸಿ ಬಾಣಂತಿಯಾಗಿದ್ದ ಅವರು ತಾವೇ ಕಟ್ಟಿಗೆ ತಂದು, ತಾವೇ ಒಲೆ ಹಚ್ಚಿ, ತಾವೇ ಹುಯ್ದುಕೊಂಡರು. ಆಮೇಲೂ ಅಷ್ಟೆ. ಊರಿನವರಿಗೆಲ್ಲ ಹಬೆಯಾಡುವ ನೀರು ಹುಯ್ದು ಮನೆಗೆ ಬಂದರೆ, ಮತ್ತೊಮ್ಮೆ ಒಲೆಯ ಮುಂದೆ ಕೂರಲು ಮನಸ್ಸಾಗದೆ ತೊಟ್ಟಿಯ ನೀರನ್ನೇ ನಾಲ್ಕು ಚೊಂಬು ಹಾಕಿಕೊಳ್ಳುತ್ತಿದ್ದರು. ಇದನ್ನು ಅವರು ದೂರಿನಂತೆ ಎಂದೂ ಹೇಳಿದವರಲ್ಲ. ಕೇಳಿದರೆ ನಗುತ್ತಿದ್ದರು.

ನಮ್ಮೂರಿನ ಅಂಗನವಾಡಿ ಕಾರ್ಯಕರ್ತೆ ವನಜಾಳ ಎರಡನೆಯ ಬಾಣಂತನದಲ್ಲಿ ಈ ಕಥೆ ಮೊದಲಾಯಿತು. ಎಣ್ಣೆ ಇಂಗಲೆಂದು ಕುಳಿತಿದ್ದ ವನಜಾ ಹೊತ್ತು ಹೋಗದೆ ಫೋನು ನೋಡುತ್ತಿದ್ದಳು. ಅದರಲ್ಲಿ ಯಮುನೋತ್ರಿಯ ದೃಶ್ಯ ಬಂತು. ಸುತ್ತ ಹಿಮದ ಬೆಟ್ಟಗಳು, ನಡುವೆ ಹಬೆಯಾಡುವ ಕೊಳ, ಅದರಲ್ಲಿ ಕುತ್ತಿಗೆಯವರೆಗೆ ಮುಳುಗಿ ಕುಳಿತ ಜನ. ಪಕ್ಕದ ಇನ್ನೊಂದು ಕುಂಡದಲ್ಲಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟು ಅನ್ನ ಬೇಯಿಸುತ್ತಿದ್ದರು. ಗಂಗರತ್ನಮ್ಮ ಎಣ್ಣೆಯ ಕೈಯನ್ನು ಹಿಂದಕ್ಕೆ ಹಿಡಿದು ಬಗ್ಗಿ ನೋಡಿದರು.

“ಒಲೆ ಯಾವ ಮಗ್ಗುಲಾಗೈತೆ?” ಎಂದು ಕೇಳಿದರು.

“ಒಲೆ ಇಲ್ಲ ದೊಡ್ಡಮ್ಮ. ನೆಲದಿಂದ ಅಂಗೇ ಕಾದು ಬರ್ತದೆ.”

“ನನ್ನೇ ಯಾಮಾರಿಸ್ತೀಯೇನೇ? ಕಾಯ್ಸೋಳು ಒಬ್ಳು ಇದ್ದೇ ಇರ್ತಾಳೆ. ಪಟದಾಗೆ ಬಂದಿಲ್ಲ ಅಷ್ಟೆ.”

ಅದೇ ಸಂಜೆ ನಮ್ಮ ಮನೆಗೆ ಬಂದು ನನ್ನನ್ನು ವಿಚಾರಿಸಿದರು. ಮಳೆಯ ನೀರು, ಹಿಮದ ನೀರು ಬಂಡೆಗಳ ಸಂದಿನಲ್ಲಿ ಆಳಕ್ಕೆ ಇಳಿಯುತ್ತದೆ, ಭೂಮಿಯ ಒಳಗಿನ ಶಾಖಕ್ಕೆ ಕಾಯುತ್ತದೆ, ಮತ್ತೆ ಮೇಲಕ್ಕೆ ಚಿಮ್ಮುತ್ತದೆ ಎಂದು ತಿಳಿಯಹೇಳಿದೆ. ಗಮನವಿಟ್ಟು ಕೇಳಿದರು. ಹಾಗಾದರೆ ಸೌದೆ ಒಡೆಯುವಂತಿಲ್ಲ, ಊದುವಂತಿಲ್ಲ, ಮಾರನೆಯ ದಿನ ಬೂದಿ ಬಳಿಯುವಂತೆಯೂ ಇಲ್ಲ ಎಂದು ಒಂದೊಂದನ್ನೂ ಕೇಳಿ ಖಚಿತಪಡಿಸಿಕೊಂಡರು. ಕೊನೆಗೆ ಹೇಳಿದರು:

“ಆ ನೀರ್ನಾಗೆ ಒಂದ್ಸಲ ಕುಂತ್ಕಬೇಕು ಮೇಷ್ಟ್ರೇ. ಯಾರೂ ಉರಿ ಹಾಕ್ದೆ ಇರೋ ನೀರ್ನಾಗೆ.”

ಆ ಮಾತು ಕೆಲವು ವರ್ಷ ಹಾಗೆಯೇ ಉಳಿಯಿತು. ಕಳೆದ ಬೇಸಿಗೆಯಲ್ಲಿ ಕೊರಟಗೆರೆಯ ರಂಗಸ್ವಾಮಿ ಯಮುನೋತ್ರಿಗೂ ಗಂಗೋತ್ರಿಗೂ ಯಾತ್ರೆ ಹೊರಡಿಸಿದರು. ಪ್ರತಿವರ್ಷ ಒಂದು ತಂಡವನ್ನು ಎಲ್ಲಿಗಾದರೂ ಕರೆದೊಯ್ದು, ಹೋದಷ್ಟೇ ಜನರನ್ನು ಹಿಂದಕ್ಕೆ ತರುವುದರಲ್ಲಿ ಅವರಿಗೆ ಹೆಸರಿದೆ. ನಾನು, ನನ್ನ ಮಡದಿ ಯಶೋದ ಹೊರಟೆವು. ಗಂಗರತ್ನಮ್ಮನವರ ಹೆಸರನ್ನು ಪಾಲಾಕ್ಷನೇ ಬಂದು ಹೇಳಿಹೋದ. ಅವರ ಜೊತೆಗೆ ವನಜಾ ಬರುವುದೆಂದಾಯಿತು.

ತೊಡಕು ಇದ್ದದ್ದು ಮಂಡಿಯದು. ಹಿಂದಿನ ವರ್ಷ ಯಾರದೋ ಬಚ್ಚಲಿನಲ್ಲಿ ಜಾರಿ ಬಿದ್ದು ಗಂಗರತ್ನಮ್ಮನವರ ಬಲಮಂಡಿಗೆ ಪೆಟ್ಟಾಗಿತ್ತು. ಯಮುನೋತ್ರಿಗೆ ಬಸ್ಸು ಹೋಗುವುದಿಲ್ಲ. ಜಾನಕಿಚಟ್ಟಿಯಲ್ಲಿ ಇಳಿದು ಬೆಟ್ಟ ಹತ್ತಬೇಕು. ಅರವತ್ತು ದಾಟಿದವರು ಕುದುರೆಯ ಮೇಲೋ ಡೋಲಿಯಲ್ಲೋ ಹೋಗತಕ್ಕದ್ದು, ಇಲ್ಲವಾದರೆ ಕೆಳಗೇ ಉಳಿಯತಕ್ಕದ್ದು ಎಂದು ರಂಗಸ್ವಾಮಿ ಮೊದಲೇ ಹೇಳಿದರು. ಡೋಲಿಯೆಂದರೇನೆಂದು ಗಂಗರತ್ನಮ್ಮ ಕೇಳಿದರು. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊರುತ್ತಾರೆಂದು ಅವರು ವಿವರಿಸಿದರು.

“ನಾಲ್ಕು ಜನದ ಹೆಗಲ ಮ್ಯಾಲೆ ಹೋಗೋದು ಒಂದೇ ದಪ ಕಣಪ್ಪ. ಅದಕ್ಕಿನ್ನೂ ಟೈಮ್ ಐತೆ,” ಎಂದರು ಗಂಗರತ್ನಮ್ಮ.

ಕುದುರೆಯ ಮಾತನ್ನೂ ಅವರು ಒಪ್ಪಲಿಲ್ಲ. ಅದರ ಎತ್ತರ ನೋಡಿದರೆ ತಲೆ ತಿರುಗುತ್ತದೆಯಂತೆ. ಕೊನೆಗೆ ರಂಗಸ್ವಾಮಿ ಒಂದು ಕಟ್ಟಳೆ ಮಾಡಿದರು: ನಡೆಯುವುದಾದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮೇಲೆ ಇರಬೇಕು, ಇಲ್ಲವಾದರೆ ಎಲ್ಲಿದ್ದರೂ ಅಲ್ಲಿಂದಲೇ ಹಿಂದಿರುಗಬೇಕು. ಮಧ್ಯಾಹ್ನದ ಮೇಲೆ ಅಲ್ಲಿ ಮಳೆ ಹಿಡಿಯುತ್ತದೆ. ಆದೀತು ಎಂದರು ಗಂಗರತ್ನಮ್ಮ.

ಮರುದಿನದಿಂದಲೇ ಬೆಳಗಿನ ನೀರಿನ ಕೆಲಸ ಮುಗಿಸಿ ನಮ್ಮ ದುರ್ಗದ ಬೆಟ್ಟ ಹತ್ತತೊಡಗಿದರು. ಮೊದಲ ದಿನ ಕೋಟೆಯ ಕೆಳಗಿನ ಬಾಗಿಲಿಗೇ ಸಾಕಾಗಿ ಇಳಿದರಂತೆ. ದಿನಗಳೆದಂತೆ ಮೇಲಿನ ಬುರುಜಿನ ಬಳಿ ಅವರ ಕೆಂಪು ಸೀರೆ ಊರಿಗೆ ಕಾಣತೊಡಗಿತು. ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯ ಕಾಟಪ್ಪನಿಗೆ ಇದು ದಿನದ ತಮಾಷೆ.

“ಏನಕ್ಕ, ಪಾಳೇಗಾರ ಬಂದು ಕೋಟೆ ನಿನ್ ಕೈಗೆ ಕೊಟ್ಬುಟ್ನಾ?”

“ಕೊಟ್ಟ ಕಣ್ಲಾ. ಬಾಗ್ಲು ಕಾಯೋಕೆ ಆಳು ಬೇಕು, ನಾಳೆಯಿಂದ ನೀನು ಬಾ.”

ರೈಲಿನಲ್ಲಿ ಹರಿದ್ವಾರ ತಲುಪಿ, ಅಲ್ಲಿಂದ ಬಸ್ಸಿನಲ್ಲಿ ಬೆಟ್ಟದ ದಾರಿ ಹಿಡಿದು ಜಾನಕಿಚಟ್ಟಿಗೆ ಬಂದೆವು. ಅಲ್ಲಿಯ ಚಳಿಗೆ ನಾವು ಸಿದ್ಧರಿರಲಿಲ್ಲ. ಪಾವಗಡದ ಬಿಸಿಲು, ಶಿರಾದ ಬಿಸಿಲು ಎಂದು ಬಿಸಿಲಿನಲ್ಲೇ ಭೇದ ಎಣಿಸಿಕೊಂಡು ಬೆಳೆದ ಜನ ನಾವು. ಬೆಳಗ್ಗೆ ಬಾಯಿ ತೊಳೆಯಲು ನೀರು ಮುಟ್ಟಿದರೆ ಬೆರಳು ನಮ್ಮದಲ್ಲವೆನಿಸಿತು.

ಹತ್ತುವ ದಿನ ಹೆಂಗಸರ ಕೋಣೆಯಲ್ಲಿ ಗಂಗರತ್ನಮ್ಮ ಎಲ್ಲರಿಗಿಂತ ಮೊದಲು ಎದ್ದರು. ಊರಿನಿಂದ ತಂದಿದ್ದ ಹರಳೆಣ್ಣೆಯ ಶೀಶೆ ಚಳಿಗೆ ಮಂದವಾಗಿತ್ತು. ಅದನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ, ನೆತ್ತಿಗೆ ತಟ್ಟಿ, ತೋಳು, ಬೆನ್ನು, ತೊಡೆ, ಮಂಡಿ ಒಂದೂ ಬಿಡದೆ ತಿಕ್ಕಿಕೊಂಡು, ಮೇಲೆ ಸ್ವೆಟರು ಶಾಲು ಸುತ್ತಿಕೊಂಡರು. ಯಶೋದ ಎಚ್ಚೆತ್ತು ಈ ಚಳಿಯಲ್ಲಿ ಇದೇನೆಂದು ಕೇಳಿದಳು. ಬಿಸಿನೀರಿಗೆ ಹೋಗುತ್ತಿರುವುದಲ್ಲವೇ, ಬೆಟ್ಟ ಹತ್ತುವಷ್ಟರಲ್ಲಿ ಎಣ್ಣೆ ಚೆನ್ನಾಗಿ ಇಂಗಿರುತ್ತದೆ ಎಂದು ಅವರು ಉತ್ತರಿಸಿದರು. ಅದರಲ್ಲಿ ತಪ್ಪೇನೂ ನಮ್ಮಲ್ಲಿ ಯಾರಿಗೂ ಕಾಣಲಿಲ್ಲ. ಎಣ್ಣೆ, ನೀರು ಎಂದು ಜೊತೆಯಾಗಿಯೇ ಹೇಳಿಕೊಂಡು ಬಂದವರು ನಾವು. ಯಶೋದಳೂ ನೆತ್ತಿಗಿಷ್ಟು ಹಾಕಿಸಿಕೊಳ್ಳುತ್ತಿದ್ದಳು. ಹೊಸ ಉಣ್ಣೆ ಟೋಪಿ ಜಿಡ್ಡಾಗುತ್ತದೆಂದು ಬಿಟ್ಟಳು.

ನಾನು, ಯಶೋದ, ರಂಗಸ್ವಾಮಿ ಕುದುರೆ ಹತ್ತಿದೆವು. ಗಂಗರತ್ನಮ್ಮ, ವನಜಾ ನಡೆದರು. ದಾರಿಯ ಒಂದು ಬದಿಗೆ ಬೆಟ್ಟದ ಗೋಡೆ, ಇನ್ನೊಂದು ಬದಿಗೆ ಆಳದಲ್ಲಿ ಬೆಳ್ಳಗೆ ಮೊರೆಯುವ ಯಮುನೆ. ಕುದುರೆಗಳು, ಡೋಲಿಗಳು, ಬುಟ್ಟಿಯಲ್ಲಿ ಜನರನ್ನು ಬೆನ್ನಿಗೆ ಹೊತ್ತವರು ಒಬ್ಬರನ್ನೊಬ್ಬರು ತಳ್ಳಿಕೊಂಡು ಏರುತ್ತಿದ್ದರು. ಗಂಗರತ್ನಮ್ಮ ಗೋಡೆಯ ಕಡೆಗೇ ಒತ್ತಿಕೊಂಡು, ಗೋಡೆಗೆ ಒಂದು ಕೈ ಕೊಟ್ಟು, ಒಂದೇ ನಡಿಗೆಯಲ್ಲಿ ಹತ್ತುತ್ತಿದ್ದರು. ಎಲ್ಲಿಯೂ ಕೂರಲಿಲ್ಲ. ಬೆಟ್ಟದಿಂದ ಕಟ್ಟಿಗೆಯ ಹೊರೆ ತರುತ್ತಿದ್ದ ಕಾಲದ ರೂಢಿಯದು. ಹೊರೆ ಹೊತ್ತವರು ಕುಳಿತರೆ ಏಳುವುದು ಕಷ್ಟ, ನಿಂತೇ ಉಸಿರು ತಿರುಗಿಸಿಕೊಳ್ಳಬೇಕು. ನನ್ನ ಕುದುರೆ ಅವರನ್ನು ದಾಟಿ ಮುಂದೆ ಹೋಗುವುದು, ಮೇವಿಗೆ ನಿಲ್ಲುವುದು. ಅಷ್ಟರಲ್ಲಿ ಅವರು ನನ್ನನ್ನು ದಾಟುವುದು. ಹೀಗೆ ಮೂರು ಸಲವಾಯಿತು. ಮೂರನೆಯ ಸಲ ಅವರು ನಿಂತು ಕುದುರೆಯನ್ನು ನೋಡಿ, “ಮೇಷ್ಟ್ರು ಭಾರ ಆಗ್ಬುಟ್ರಾ, ಪಾಪ,” ಎಂದು ಅದಕ್ಕೇ ಹೇಳಿ ಮುಂದೆ ನಡೆದರು.

ಕೊನೆಯ ಏರು ಮಾತ್ರ ಅವರನ್ನು ನಿಜವಾಗಿ ಪರೀಕ್ಷಿಸಿತು. ಮೆಟ್ಟಿಲುಗಳು ಕಡಿದಾಗಿದ್ದವು. ಮಂಡಿ ಊದಿಕೊಂಡಿತ್ತು. ಉಸಿರು ಸಿಕ್ಕುತ್ತಿರಲಿಲ್ಲ. ವನಜಾ ಹೆದರಿ ಇಲ್ಲಿಂದಲಾದರೂ ಬುಟ್ಟಿಯವನನ್ನು ಕರೆಯುತ್ತೇನೆಂದಳು. ಗಂಗರತ್ನಮ್ಮ ಕೈ ಬೀಸಿ ಬೇಡವೆಂದರು. ಎಡಗಾಲನ್ನು ಮೇಲಿಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಂಡು, ಮಗು ನಡೆಯಲು ಕಲಿಯುವಂತೆ ಒಂದೊಂದೇ ಮೆಟ್ಟಿಲು ಹತ್ತಿದರು. ನಾವು ಮೇಲೆ ದೇವಸ್ಥಾನದ ಬಳಿ ಕಾಯುತ್ತಿದ್ದೆವು. ಊಟದ ಹೊತ್ತಿಗೆ ಇನ್ನೂ ಅವಕಾಶವಿರುವಾಗಲೇ ತಿರುವಿನಲ್ಲಿ ಕೆಂಪು ಸೀರೆ ಕಂಡಿತು. ರಂಗಸ್ವಾಮಿ ತಮಗೇ ಅರಿವಿಲ್ಲದೆ ಎದ್ದು ನಿಂತರು.

ಇಷ್ಟಾದ ಮೇಲೆ ಅಡ್ಡಿಯಾದದ್ದು ಹರಳೆಣ್ಣೆ.

ಹೆಂಗಸರ ಸ್ನಾನದ ಕೊಳಕ್ಕೆ ಪ್ರತ್ಯೇಕ ಮರೆಯಿದೆ. ಇಲ್ಲಿಂದ ಮುಂದಿನದನ್ನು ನನಗೆ ಹೇಳಿದವರು ಯಶೋದ ಮತ್ತು ವನಜಾ. ಬಾಗಿಲಲ್ಲಿ ಕುಳಿತಿದ್ದ ಗುಡ್ಡಗಾಡಿನ ಹೆಂಗಸೊಬ್ಬಳು ಗಂಗರತ್ನಮ್ಮ ಹತ್ತಿರ ಬರುತ್ತಲೇ ಮೂಗೆಳೆದು, ಅವರ ತೋಳಿನ ಮೇಲೆ ಬೆರಳಾಡಿಸಿ ನೋಡಿ, ಅಡ್ಡ ನಿಂತಳಂತೆ. “ತೇಲ್ ನಹೀ, ಮಾತಾಜಿ.” ಎಣ್ಣೆ ಮೈಯವರು ಕೊಳಕ್ಕೆ ಇಳಿಯುವಂತಿಲ್ಲ. ಸಾವಿರ ಜನ ಇಳಿಯುವ ನೀರು ಜಿಡ್ಡಾಗುತ್ತದೆ. ವನಜಾ ತನಗೆ ಬರುವ ಅರ್ಧ ಹಿಂದಿಯಲ್ಲಿ ಬೇಡಿಕೊಂಡಳು. ದೂರದಿಂದ ಬಂದಿದ್ದಾರೆ, ನಡೆದೇ ಬಂದಿದ್ದಾರೆ, ನಮ್ಮ ಕಡೆ ಹೀಗೇ ಪದ್ಧತಿ ಎಂದಳು. ಆ ಹೆಂಗಸು ಒಪ್ಪಲಿಲ್ಲ. ವನಜಾಳ ದನಿ ಏರಿತು.

ಅವಳನ್ನು ಸುಮ್ಮನಾಗಿಸಿದವರು ಗಂಗರತ್ನಮ್ಮನೇ. “ಬಯ್ಯಬ್ಯಾಡ ಕಣೇ. ಅವಳು ಹೇಳೋದು ನ್ಯಾಯ್ವಾಗೈತೆ. ನಮ್ಮೂರ ಕಲ್ಯಾಣಿಗೆ ಯಾರಾನ ಎಣ್ಣೆ ಮೈನಾಗೆ ಇಳಿದ್ರೆ ನಾನು ಬುಡ್ತಿದ್ನಾ?”

ಹೊರಗೆ ಬಂದು ರಂಗಸ್ವಾಮಿಗೆ ವಿಷಯ ಹೇಳಿದರು. ಮೋಡ ಕವಿಯುವ ಮೊದಲು ಎಲ್ಲರನ್ನೂ ಇಳಿಸಬೇಕೆಂಬ ಆತುರ ರಂಗಸ್ವಾಮಿಯದು. ಅವರು ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಸೂಚಿಸಿದರು: ಒಂದು ಚೊಂಬಿನಲ್ಲಿ ಆ ನೀರು ತರಿಸೋಣ, ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳಿ, ಸ್ನಾನದಷ್ಟೇ ಪುಣ್ಯ ಬರುತ್ತದೆ.

“ಪುಣ್ಯ ಯಾರಿಗೆ ಬೇಕಾಗಿತ್ತಪ್ಪ? ನನಗೆ ನೀರು ಬೇಕು,” ಎಂದರು ಗಂಗರತ್ನಮ್ಮ.

ಸುತ್ತ ನೋಡಿದರು. ಹೆಂಗಸರು ಬಟ್ಟೆ ಬದಲಿಸುವ ತಗಡಿನ ಮರೆಯ ಹಿಂದೆ, ಕೈಕಾಲು ತೊಳೆಯಲೆಂದು ಮೇಲಿನ ತೊರೆಯ ನೀರನ್ನು ಕೊಳವೆಯಲ್ಲಿ ತಂದು ಬಿಟ್ಟಿದ್ದರು. ಹಿಮ ಕರಗಿ ಬಂದ ನೀರು. ಅದರಲ್ಲಿ ಎಣ್ಣೆ ತೊಳೆದುಕೊಳ್ಳುತ್ತೇನೆ ಎಂದರು. ಯಶೋದ ಗಾಬರಿಯಾದಳು. ಬಾಣಂತಿ ಕೈ ತೊಳೆಯಲು ನಲ್ಲಿ ಮುಟ್ಟಿದರೆ ಬಯ್ಯುವವರು ಈ ನೀರಿಗೆ ತಲೆಯೊಡ್ಡುವುದೆಂದರೇನು, ಜ್ವರ ಬಂದರೆ ಯಾರು ನೋಡಬೇಕು ಎಂದು ತಡೆದಳು.

“ನಾನೇನು ಬಾಣಂತಿಯಾ ಅಮ್ಮಾರೆ?” ಎಂದು ಗಂಗರತ್ನಮ್ಮ ಸೀಗೆಪುಡಿಯ ಗಂಟು ಬಿಚ್ಚಿದರು.

ತಲೆಗೂದಲಿಗೆ ಸೀಗೆಪುಡಿ ಸಾಕಾಯಿತು. ಮೈಗೆ ಆಗಲಿಲ್ಲ. ಹರಳೆಣ್ಣೆಯ ಜಿಡ್ಡು ಬಿಸಿನೀರಿಗೇ ಸುಲಭವಾಗಿ ಬಿಡುವುದಿಲ್ಲ. ಆ ತಣ್ಣೀರಿಗೆ ಅದು ಮೇಣದಂತೆ ಕಚ್ಚಿ ಕುಳಿತಿತು. ಎರಡು ಸಲ ಉಜ್ಜಿಯೂ ತೋಳು ಹೊಳೆಯುತ್ತಲೇ ಇತ್ತು. ಗಂಗರತ್ನಮ್ಮನವರ ತುಟಿ ನೀಲಿಗಟ್ಟಿತ್ತು. ಆಗ ಅವರಿಗೆ ಬೂದಿ ನೆನಪಾಯಿತು. ಮೇಲೆ ಚಹಾ ಅಂಗಡಿಯಲ್ಲಿ ಕಟ್ಟಿಗೆಯ ಒಲೆ ಉರಿಯುತ್ತಿದ್ದುದನ್ನು ಬರುವಾಗಲೇ ನೋಡಿದ್ದರು. ತಗಡಿನ ಆಚೆಗೆ ಕೂಗಿ ಹೇಳಿದರು. ಕೊರಟಗೆರೆಯ ರಂಗಸ್ವಾಮಿ, ತಂಡದ ಯಜಮಾನರು, ಬಿಳಿ ಪ್ಯಾಂಟಿನಲ್ಲಿ ಅಂಗಡಿಗೆ ಓಡಿ, ಹಳೆಯ ಬಿಸ್ಕತ್ತಿನ ಡಬ್ಬಿಯ ತುಂಬ ಬೂದಿ ಹೊತ್ತು ತಂದದ್ದನ್ನು ನಾನೇ ಕಣ್ಣಾರೆ ಕಂಡೆ. ಗಾಳಿಗೆ ಅರ್ಧ ಅವರ ಮೀಸೆಯ ಮೇಲೆ ಕುಳಿತಿತ್ತು.

ಬೂದಿ ಹಚ್ಚಿ ನೋಡಿದರೆ ಎಣ್ಣೆ ಬಿಡತೊಡಗಿತು. ಆದರೆ ಬೆನ್ನಿಗೆ ಅವರ ಕೈ ಎಟುಕಲಿಲ್ಲ. ಚಳಿಗೆ ಕೈ ಮರಗಟ್ಟಿ ಚೊಂಬು ಜಾರಿ ಬಿತ್ತು. ವನಜಾ ಅದನ್ನು ಎತ್ತಿಕೊಂಡಳು. ಯಾರ ಕೈಯಿಂದಲೂ ನೀರು ಹುಯ್ಯಿಸಿಕೊಂಡು ರೂಢಿಯಿಲ್ಲದ ಗಂಗರತ್ನಮ್ಮ ಚೊಂಬನ್ನು ಕೊಡೆಂದು ಕೈ ಚಾಚಿದರು. ವನಜಾ ಕೊಡಲಿಲ್ಲ.

“ಎಲ್ಡು ಬಾಣಂತನ ನಿನ್ ಕೈನಾಗೆ ಮಾಡಿಸ್ಕಂಡಿವ್ನಿ. ಒಂದಿನಾನ ಮಾತಾಡಿದ್ನಾ? ಬಾಯ್ ಮುಚ್ಕಂಡು ಕುಂತ್ಕೊ ದೊಡ್ಡಮ್ಮ.”

ಗಂಗರತ್ನಮ್ಮ ಬಾಯಿ ಮುಚ್ಚಿಕೊಂಡು ಕುಳಿತರು. ವನಜಾ ಕಾಲು ಅಗಲಿಸಿ ಗಟ್ಟಿಯಾಗಿ ನಿಂತು, ಬೂದಿ ತುಂಬಿದ ಅಂಗೈಯಿಂದ ಬೆನ್ನು, ಸೊಂಟ, ಕುತ್ತಿಗೆ ತಿಕ್ಕಿ ತಿಕ್ಕಿ ತೊಳೆದಳು. ಯಶೋದ ಗಾಳಿಗೆ ಶಾಲು ಮರೆ ಹಿಡಿದಳು. ಬಟ್ಟೆ ಬದಲಿಸುತ್ತಿದ್ದ ಮರಾಠಿ ಹೆಂಗಸರಿಬ್ಬರು ಏನು ಎತ್ತ ಎಂದು ಕೇಳದೆ ಬಂದು ಒಬ್ಬೊಬ್ಬರು ಒಂದೊಂದು ಕಾಲು ಹಿಡಿದು ಉಜ್ಜಿದರು. ಒಂದೊಂದು ಚೊಂಬು ಬಿದ್ದಾಗಲೂ ಗಂಗರತ್ನಮ್ಮನವರ ಉಸಿರು ನಿಂತು ನಿಂತು ಬರುತ್ತಿತ್ತು. ಆದರೂ ನಿಲ್ಲಿಸೆಂದು ಅವರು ಹೇಳಲಿಲ್ಲ. ತಮ್ಮ ಬೂದಿ ಮೈಯನ್ನು ನೋಡಿಕೊಂಡು, “ಮಠಕ್ಕೆ ಸೇರಿಸ್ಕಂತಾರೇನೋ ಕೇಳ್ರೇ,” ಎಂದರಂತೆ ಹಲ್ಲು ಕಟಕಟ ಎನ್ನುತ್ತಿದ್ದಾಗಲೂ.

ಮತ್ತೆ ಬಾಗಿಲಿಗೆ ಹೋದರು. ಆ ಹೆಂಗಸು ಮೊದಲಿನಂತೆಯೇ ಮೂಸಿ, ತೋಳಿನ ಮೇಲೆ ಬೆರಳೆಳೆದಳು. ಬೆರಳು ಜಾರದೆ ಚರ್ಮ ಕೀರೆಂದಿತು. ಅವಳು ಗಂಗರತ್ನಮ್ಮನವರ ಮುಖವನ್ನೊಮ್ಮೆ, ಒದ್ದೆಯಾಗಿ ನಡುಗುತ್ತಿದ್ದ ವನಜಾಳನ್ನೊಮ್ಮೆ ನೋಡಿದಳು. ಎದ್ದು ನಿಂತು ತಾನೇ ಗಂಗರತ್ನಮ್ಮನವರ ಕೈ ಹಿಡಿದು ಮೆಟ್ಟಿಲಿಳಿಸಿದಳು.

ನೀರಿನ ಅಂಚಿನಲ್ಲಿ ಗಂಗರತ್ನಮ್ಮ ನಿಂತರು. ಬಗ್ಗಿ ಮೊಣಕೈಯನ್ನು ನೀರಿಗೆ ಅದ್ದಿದರು. ಮಕ್ಕಳಿಗೆ ಹುಯ್ಯುವ ಮೊದಲು ಬಿಸಿ ನೋಡುವುದು ಅವರು ಹಾಗೆಯೇ. ಹದವಾಗಿತ್ತು. ಇಳಿದರು. ಕಾಲು ಮುಳುಗಿತು, ಊದಿದ ಮಂಡಿ ಮುಳುಗಿತು, ಸೊಂಟ ಮುಳುಗಿತು. ಕಟ್ಟೆಗೆ ಬೆನ್ನು ಕೊಟ್ಟು ಕುತ್ತಿಗೆಯವರೆಗೆ ಕುಳಿತುಬಿಟ್ಟರು. ಹಬೆಯಲ್ಲಿ ಅವರ ಮುಖವಷ್ಟೇ ಕಾಣುತ್ತಿತ್ತು ಎಂದಳು ಯಶೋದ. ಕಣ್ಣು ಮುಚ್ಚಿಕೊಂಡಿದ್ದರು. ತುಟಿಯ ನೀಲಿ ಹೋಗಿ ಕೆಂಪು ತಿರುಗಿತು. ಕೊಳದ ಆಚೆಯ ಹೆಂಗಸರು ಯಮುನೆಯ ಸ್ತುತಿ ಹಾಡುತ್ತಿದ್ದರು. ಇವರು ಏನನ್ನೂ ಹಾಡಲಿಲ್ಲ, ಬೇಡಲಿಲ್ಲ. ಸುಮ್ಮನೆ ಕುಳಿತಿದ್ದರು.

ಐದು ನಿಮಿಷಕ್ಕಿಂತ ಹೆಚ್ಚು ಕೂರಬಾರದೆಂದು ಅಲ್ಲಿ ಎಲ್ಲರನ್ನೂ ಎಬ್ಬಿಸುತ್ತಾರೆ. ಒಬ್ಬೊಬ್ಬರಾಗಿ ಎದ್ದರು, ಹೊಸಬರು ಇಳಿದರು, ಅವರೂ ಎದ್ದರು. ಬಾಗಿಲಿನ ಹೆಂಗಸು ಎರಡು ಸಲ ಬಂದು ನೋಡಿ, ಇವರನ್ನು ಎಬ್ಬಿಸದೆ ಹಿಂದಿರುಗಿದಳು. ಹೊರಗೆ ರಂಗಸ್ವಾಮಿ ಆಕಾಶ ನೋಡುವುದು, ಗಡಿಯಾರ ನೋಡುವುದು ಮಾಡುತ್ತಿದ್ದರು. ಕರೆಯೋಣವೇ ಎಂದು ನಾನು ಕೇಳಿದೆ. ಅವರು ಮೀಸೆಯ ಬೂದಿ ಒರೆಸಿಕೊಂಡು, “ಇರ್ಲಿ ಬುಡಿ ಮೇಷ್ಟ್ರೇ. ಮಳೆ ಬಂದ್ರೆ ನೆನೆಯಾನ,” ಎಂದರು.

ಮಳೆ ಬರಲಿಲ್ಲ. ಗಂಗರತ್ನಮ್ಮ ತಲೆಗೆ ಟವೆಲು ಸುತ್ತಿಕೊಂಡು ಹೊರಬಂದಾಗ ಮೋಡ ಒಡೆದು ಎದುರಿನ ಹಿಮದ ಮೇಲೆ ಬಿಸಿಲು ಬಿದ್ದಿತ್ತು. ನಮ್ಮ ತಂಡದವರೆಲ್ಲ ಅವರಿಗೆ ದಾರಿ ಬಿಟ್ಟು ನಿಂತರು. ನಮ್ಮೂರಿನ ಮದುವೆಗಳಲ್ಲಿ ಹೊಸ ಹೆಣ್ಣು ಹಸೆಗೆ ಬರುವಾಗ ನಿಲ್ಲುವ ಹಾಗೆ.

ಇಳಿಯುವಾಗ ಡೋಲಿಯ ಮಾತನ್ನು ಯಾರೂ ಎತ್ತಲಿಲ್ಲ. ಜಾನಕಿಚಟ್ಟಿಯಲ್ಲಿ ಫೋನಿಗೆ ಸಿಗ್ನಲ್ಲು ಸಿಕ್ಕಿದೊಡನೆ ವನಜಾ ಪಾಲಾಕ್ಷನಿಗೆ ಕರೆ ಮಾಡಿ ಕೊಟ್ಟಳು. ಕಾಲು ಹೇಗಿದೆ, ಊಟವಾಯಿತೇ, ದೇವರ ದರ್ಶನ ಚೆನ್ನಾಗಾಯಿತೇ ಎಂದು ಅವನು ಒಂದರ ಮೇಲೊಂದು ಕೇಳುತ್ತಿದ್ದುದು ನಮಗೂ ಕೇಳಿಸುತ್ತಿತ್ತು. ಗಂಗರತ್ನಮ್ಮ ಅವನು ಮುಗಿಸುವ ತನಕ ಕಾದರು.

“ಕುಂತ್ಕಂಡೆ ಕಣ್ಲಾ,” ಎಂದರು. “ಎಷ್ಟೊತ್ತೋ ಕುಂತಿದ್ದೆ. ಏಳು ಅಂತ ಯಾರೂ ಕರೀಲಿಲ್ಲ.”